ಸರಾಸರಿ ಪಟ್ಟಿಯವರಿಗೆ ಅಂಗಿ ಒಗೆಯುವವಳ ಅರಿಕೆ

ಮಾನ್ಯ ಸರಾಸರಿ ಪಟ್ಟಿಯವರೇ,

ತಮ್ಮ ಪಾದಗಳೆಲ್ಲಿವೆಯೋ ತಿಳಿಯದ ಕಾರಣ ತಮ್ಮ ಕೊನೆಯ ಸಾಲಿಗೇ ನಮಸ್ಕರಿಸಿ, ಪರಾಗ್ವೆಯ ಸ್ಪೋರ್ತಿವೊ ಲಾಪಾಚೊ ಫುಟ್ಬಾಲ್ ಕ್ಲಬ್ಬಿನ ಅಂಗಿಗಳನ್ನು ಮೂವತ್ತೊಂದು ವರ್ಷದಿಂದ ಒಗೆಯುತ್ತಿರುವ ಹೆರ್ಮೆಲಿಂದಾ ಓವೆಲಾರ್ ಬರೆದುಕೊಳ್ಳುವುದೇನೆಂದರೆ:

ತಮ್ಮ ತೀರ್ಪನ್ನು ನಮ್ಮ ಬೀದಿಗೆ ಮೊದಲು ತಂದವರು ನಿವೃತ್ತ ಗಣಿತದ ಮೇಷ್ಟ್ರು ದೊನ್ ಕ್ರಿಸಾಂತೊ, ವರ್ಷದ ಕೊನೆಯ ಪಂದ್ಯ ಮುಗಿದ ಭಾನುವಾರದ ಸಂಜೆ. ಹದಿನೆಂಟು ವರ್ಷ ಕಾದು, ಮೂರು ವರ್ಷದ ಹಿಂದೆ ಮೊದಲ ದರ್ಜೆಗೆ ಏರಿದ್ದ ನಾವು ಈ ವರ್ಷ ಎಪ್ಪತ್ತೆರಡು ಅಂಕ ಗಳಿಸಿ ಇಡೀ ದೇಶಕ್ಕೆ ಮೂರನೆಯವರಾಗಿದ್ದೆವು. ತಣ್ಣನೆಯ ತೆರೆರೆ ಕಷಾಯ ತುಂಬಿದ ಕೊಂಬಿನ ಲೋಟ ಕೈಯಿಂದ ಕೈಗೆ ಓಡಾಡುತ್ತಿತ್ತು. ಗೆಲ್ಲುವ ವರ್ಷ ತಮ್ಮ ಕಡೆ ಯಾರು ತಿರುಗಿ ನೋಡುತ್ತಾರೆ? ಹಲ್ಲು ನೋಯದವನು ಹಲ್ಲಿನ ಡಾಕ್ಟರ ಬಾಗಿಲು ತಟ್ಟುವುದಿಲ್ಲ.

ಮೇಷ್ಟ್ರು ರೇಡಿಯೊ ನಿಲ್ಲಿಸಿ, “ಮುಳುಗಿದ್ವಿ ಕಣ್ರಪ್ಪಾ, ಎರಡನೇ ದರ್ಜೆಗೆ,” ಎಂದರು.

“ಮೂರನೇ ಸ್ಥಾನದವ್ರು ಮುಳುಗೋದುಂಟಾ ಮೇಷ್ಟ್ರೇ? ಬಿಸಿಲು ಹತ್ತಿದೆ ನಿಮ್ಗೆ,” ಎಂದ ಕಟುಕ ತೆಯೊದೋಲೊ.

“ಈ ವರ್ಷ ಮೂರನೇವ್ರೇ ಕಣಯ್ಯಾ. ಹಿಂದಿನೆರಡು ವರ್ಷ ಏನ್ ಕಿಸಿದ್ರಿ ಅಂತ ಸರಾಸರಿ ಪಟ್ಟಿ ಕೇಳ್ತಿದೆ.”

“ಆಗ ಸೋತೋರ್ಯಾರೂ ಈಗ ನಮ್ಮಲ್ಲಿಲ್ವಲ್ಲ?”

“ಅವ್ರಿಲ್ಲ. ಅಂಗಿ ಇದೆಯಲ್ಲ.”

ಆಹಾ, ತಮ್ಮ ನ್ಯಾಯವೇ ನ್ಯಾಯ. ನಮ್ಮ ಮೂರು ವರ್ಷದ ಅಂಕಗಳನ್ನು ಕೂಡಿಸಿ ಮೂರು ವರ್ಷದ ಪಂದ್ಯಗಳಿಂದ ಭಾಗಿಸಿ, ಸರಾಸರಿ ಕಡಿಮೆಯಾಯಿತೆಂದು ಕೆಳಗೆ ತಳ್ಳಿದಿರಿ. ಈ ವರ್ಷವಷ್ಟೇ ಮೇಲೆ ಬಂದು ಐವತ್ತೊಂದು ಅಂಕ ಗಳಿಸಿದ ತಂಡವನ್ನು ಒಂದೇ ವರ್ಷದ ಪಂದ್ಯಗಳಿಂದ ಭಾಗಿಸಿ, ಕೂದಲೆಳೆಯಷ್ಟು ಅಂತರದಲ್ಲಿ ದಡ ಸೇರಿಸಿದಿರಿ. ಹೋದ ವರ್ಷ ನಮ್ಮ ಗೋಲನ್ನು ಕೋಳಿಗೂಡಿನ ಬಾಗಿಲಿನಂತೆ ತೆರೆದಿಟ್ಟಿದ್ದ ಇಬ್ಬರು ರಕ್ಷಕರು ಈಗ ಆಡುತ್ತಿರುವುದು ಅದೇ ತಂಡದಲ್ಲಿ. ಪಾಪ ಮಾಡಿದವರು ಊರು ಬಿಟ್ಟರು, ಪಾಪ ಮಾತ್ರ ನಮ್ಮ ಅಂಗಿಯಲ್ಲಿ ಉಳಿಯಿತು. ಕೆಂಪು ಮಣ್ಣು ತೆಗೆಯುತ್ತೇನೆ, ರಕ್ತ ತೆಗೆಯುತ್ತೇನೆ. ಹೋದ ವರ್ಷವನ್ನು ತೆಗೆಯುವ ಸೋಪು ತಮ್ಮಲ್ಲಿದ್ದರೆ ಒಂದು ತುಂಡು ಕಳಿಸಿಕೊಡಿ.

ಅದಿಲ್ಲವಾದರೆ, ಸೋತ ಆ ಪಂದ್ಯಗಳನ್ನೆಲ್ಲ ವಾಪಸು ಕರೆಸಿ ಈ ವರ್ಷದ ಹುಡುಗರಿಂದ ಆಡಿಸಿ. ಅದೂ ಆಗದಿದ್ದರೆ ಮೂರು ವರ್ಷದ ಮಳೆಯನ್ನು ಕೂಡಿಸಿ ಭಾಗಿಸಿ, ನಮ್ಮಲ್ಲಿ ನಡುಬೇಸಿಗೆಯಾದ ಈ ಡಿಸೆಂಬರಿನ ಸೆಖೆಗೆ ಒಂದು ಪಾಲು ದಯಪಾಲಿಸಿ. ನನ್ನ ಗಂಡ ಈ ವರ್ಷ ಒಮ್ಮೆಯೂ ಗದರಿಲ್ಲ. ಹಿಂದಿನೆರಡು ವರ್ಷ ಸೇರಿಸಿ ಅವನನ್ನೂ ಕೆಳದರ್ಜೆಗೆ ಇಳಿಸುವ ಅಧಿಕಾರವನ್ನಾದರೂ ನನಗೆ ಕೊಡಿ.

ರಾಜಧಾನಿಯ ದೊಡ್ಡ ತಂಡಗಳು ಇನ್ನು ನಮ್ಮೂರಿಗೆ ಬರುವುದಿಲ್ಲ. ಇದನ್ನು ತಮಾಷೆಯಾಗಿ ಬರೆಯಲು ಪ್ರಯತ್ನಿಸಿದೆ, ಆಗಲಿಲ್ಲ.

ತಮ್ಮ ವಿಶ್ವಾಸಿ,
ಹೆರ್ಮೆಲಿಂದಾ ಓವೆಲಾರ್

ತಾ.ಕ.: ಮೇಷ್ಟ್ರ ಮಾತು ಕೇಳಿ ಅತ್ತವರೆಲ್ಲ ಮರುದಿನ ಬೆಳಿಗ್ಗೆ ಮೈದಾನಕ್ಕೆ ಬಂದು ಹೊಸದಾಗಿ ಸುಣ್ಣದ ಗೆರೆ ಎಳೆದರು. ಕೆಳಗೆ ಹೋಗಿ ಮತ್ತೆ ಏರಿದವರ ಲೆಕ್ಕ ಸೊನ್ನೆಯಿಂದ ಶುರುವಂತೆ. ನಾವು ವಾಪಸು ಬಂದ ದಿನ, ನಮ್ಮನ್ನು ಹಿಂದೆಂದೂ ಕಂಡೇ ಇಲ್ಲವೆಂಬಂತೆ ತಾವು ಎದ್ದುನಿಂತು ಸ್ವಾಗತಿಸಬೇಕಾಗುತ್ತದೆ, ನಿಯಮ ತಮ್ಮದೇ.