ಮಂಜುಗಡ್ಡೆ ತೆಳ್ಳಗಿದೆ ಎಂದು ನೇರವಾಗಿ ಬರೆಯುವುದನ್ನು ನಿಯಂತ್ರಿಸುವ ಬಗ್ಗೆ

ಕೊಲ್ಲಿತೀರದ ತಾಂತ್ರಿಕ ವಿಶ್ವವಿದ್ಯಾಲಯ, ಉತ್ತರ ಸ್ವೀಡನ್
ವರದಿ-ಶಿಸ್ತು ವಿಭಾಗ

ಸಂಖ್ಯೆ: ವ.ಶಿ.ವಿ./ಮಂಜು/17/ಪರಿಷ್ಕೃತ-3
ದಿನಾಂಕ: ಸೆಮ್ಲಾ ಎಂಬ ಕೆನೆ ತುಂಬಿದ ಬನ್ನು ತಿನ್ನುವ ಮಂಗಳವಾರದ ಮರುದಿನ

ವಿಷಯ: ಎರಡನೇ ವರ್ಷದ ‘ಸ್ವೀಡಿಷ್ ತಾಂತ್ರಿಕ ವರದಿ ಲೇಖನ’ ಪತ್ರಿಕೆಯಲ್ಲಿ ಕಂಡುಬಂದ ಸ್ಪಷ್ಟತೆಯ ಕುರಿತು.

ಉಲ್ಲೇಖ: 1) ವಿದ್ಯಾರ್ಥಿನಿ ಹೆಡ್ವಿಗ್ ನೋರ್ಲಿಂಡ್ ಸಲ್ಲಿಸಿದ ವರದಿ ಹಾಗೂ ಅದನ್ನು ಎರಡು ಬಾರಿ ಹಿಂದಿರುಗಿಸಿದ ಟಿಪ್ಪಣಿಗಳು. 2) ದೋಣಿಕಟ್ಟೆಯ ಕಂಬಕ್ಕೆ ಅಂಟಿಸಲಾದ ಒಂದು ಚೀಟಿ.

ಮೇಲ್ಕಂಡ ವಿದ್ಯಾರ್ಥಿನಿಗೆ ಕೊಲ್ಲಿಯ ಮಂಜುಗಡ್ಡೆಯ ದಪ್ಪ ಅಳೆದು ವರದಿ ಬರೆಯುವ ಕೆಲಸ ವಹಿಸಲಾಗಿತ್ತು. ಅದೇ ಮಂಜುಗಡ್ಡೆಯ ಮೇಲೆ ಸೆಮ್ಲಾ ಮಂಗಳವಾರದಂದು ವಿಭಾಗದ ವಾರ್ಷಿಕ ಕಾಫಿ ಕೂಟ ನಡೆಯುವುದು ವಾಡಿಕೆ. ಅಳೆಯುವಾಗ ಆಕೆ ಸೊಂಟದವರೆಗೆ ನೀರಿಗೆ ಬಿದ್ದು, ತಾನೇ ಎದ್ದು ಬಂದು, ವರದಿಯನ್ನು “ದೋಣಿಕಟ್ಟೆಯ ಆಚೆ ಮಂಜುಗಡ್ಡೆ ತೆಳ್ಳಗಿದೆ, ಯಾರೂ ಹೋಗಬೇಡಿ” ಎಂಬ ವಾಕ್ಯದಿಂದ ಆರಂಭಿಸಿರುವುದು ವಿಭಾಗವನ್ನು ಮುಜುಗರಕ್ಕೀಡುಮಾಡಿದೆ. ಮೂರನೇ ಬಾರಿಯೂ ವರದಿ ಹಿಂದಿರುಗಿದಲ್ಲಿ ವಿದ್ಯಾರ್ಥಿಯು ಮುಂದಿನ ಚಳಿಗಾಲದಲ್ಲಿ ಇಡೀ ಪತ್ರಿಕೆಯನ್ನು ಹೊಸದಾಗಿ ಓದಬೇಕೆಂಬ ನಿಯಮ ಮೊದಲೇ ಇದೆ. ಆದ್ದರಿಂದ ಎಲ್ಲ ವಿದ್ಯಾರ್ಥಿಗಳ ಹಿತದೃಷ್ಟಿಯಿಂದ ಕೆಳಕಂಡಂತೆ ಆದೇಶಿಸಲಾಗಿದೆ:

1. ಹುಟ್ಟಿನಿಂದ ಸ್ವೀಡಿಷ್ ಮಾತಾಡುತ್ತಿರುವುದು ವರದಿಯ ಸ್ವೀಡಿಷ್ ಕಲಿಯುವುದರಿಂದ ವಿನಾಯಿತಿ ಪಡೆಯಲು ಕಾರಣವಾಗತಕ್ಕದ್ದಲ್ಲ.

2. ಓದುಗನಿಗೆ ಬೇಕಾದ ಸಂಗತಿಯನ್ನು ಹಿನ್ನೆಲೆ, ಉದ್ದೇಶ, ವ್ಯಾಪ್ತಿ ಮತ್ತು ವಿಧಾನ ಎಂಬ ಅಧ್ಯಾಯಗಳಿಗಿಂತ ಮೊದಲು ತಿಳಿಸುವುದನ್ನು ನಿಷೇಧಿಸಲಾಗಿದೆ. ವಿಷಯ ಮೊದಲ ಸಾಲಿನಲ್ಲೇ ತಿಳಿದುಬಿಟ್ಟರೆ ಉಳಿದ ಪುಟಗಳ ಗತಿಯೇನೆಂಬ ಪ್ರಶ್ನೆ ಸಿಬ್ಬಂದಿ ಸಭೆಯಲ್ಲಿ ಎದ್ದಿದೆ.

3. ವರದಿಯಲ್ಲಿ ಮನುಷ್ಯರು ಇರತಕ್ಕದ್ದಲ್ಲ. “ನಾನು ಬಿದ್ದೆ” ಎಂಬುದರ ಬದಲು “ಮಾಪನ ಉಪಕರಣವು ಅದನ್ನು ಹಿಡಿದಿದ್ದ ಭಾರದ ಸಮೇತ ಲಂಬವಾಗಿ ಸ್ಥಳಾಂತರಗೊಂಡಿತು” ಎಂದು ಬರೆಯುವುದು. ಈ ಬಗ್ಗೆ ಬೋಧಕಿ ಯೋರ್ಡಿಸ್ ಸುಂಡೆಲ್ ಅವರ ಕೊಠಡಿಯಲ್ಲಿ ವಿದ್ಯಾರ್ಥಿನಿಯು, ಈ ದೇಶದ ವಾಡಿಕೆಯಂತೆ ಏಕವಚನದಲ್ಲೇ, “ಯೋರ್ಡಿಸ್, ನಾನೇ ನೀರಿಗೆ ಬಿದ್ದು ಬಂದಿದೀನಿ. ಇದಕ್ಕಿಂತ ಆಧಾರ ಇನ್ನೇನು ಕೊಡ್ಲಿ ನಿಂಗೆ?” ಎಂದು ಕೇಳಿರುವುದೂ, ಬೋಧಕಿಯವರು “ಬಿದ್ದಿದ್ದು ಯಾವ ಅಧ್ಯಾಯಕ್ಕೆ ಸೇರುತ್ತೆ, ಅದನ್ನ ಮೊದಲು ಹೇಳು. ಆಮೇಲೆ ಮೈ ಒರೆಸ್ಕೊಳ್ಳುವಿಯಂತೆ” ಎಂದು ಮಾರ್ಗದರ್ಶನ ಮಾಡಿರುವುದೂ ವಿಭಾಗದ ಗಮನಕ್ಕೆ ಬಂದಿದೆ. ಬೋಧಕಿಯವರ ನಿಲುವು ಸರಿಯಾಗಿದೆ.

4. ‘ತೆಳ್ಳಗೆ’ ಎಂಬುದು ಭಾವನೆಯೇ ಹೊರತು ಅಳತೆಯಲ್ಲ. ವಿದ್ಯಾರ್ಥಿನಿಯು ಎರಡನೇ ಪ್ರತಿಯಲ್ಲಿ ಇದನ್ನು ತಿದ್ದಿ “ಬೆಕ್ಕು ನಿಂತರೂ ಕುಸಿಯುವಷ್ಟು” ಎಂದು ಬರೆದಿರುತ್ತಾರೆ. ಬೆಕ್ಕು ಅಂಗೀಕೃತ ಅಳತೆಮಾನವಲ್ಲ. ಅಂಗೀಕರಿಸಬಹುದೇ, ಹಾಗಾದಲ್ಲಿ ಊಟಕ್ಕೆ ಮುಂಚಿನ ಬೆಕ್ಕೋ ಊಟದ ನಂತರದ್ದೋ ಎಂಬುದನ್ನು ಪರಿಶೀಲಿಸಲು ಮೂವರ ಉಪಸಮಿತಿ ರಚಿಸಲಾಗಿದೆ.

5. ಯಾವುದೇ ಚಿತ್ರವು ಪಠ್ಯದಲ್ಲಿ ಪ್ರಸ್ತಾಪವಾಗುವ ಮುನ್ನ ಕಾಣಿಸಿಕೊಳ್ಳಕೂಡದು. ಈ ನಿಯಮ ರಂಧ್ರಗಳಿಗೂ ಅನ್ವಯಿಸುತ್ತದೆ. ವಿದ್ಯಾರ್ಥಿನಿಯು ಬಿದ್ದ ಮಂಜುಗಡ್ಡೆಯ ರಂಧ್ರವು ಯಾವುದೇ ಪೂರ್ವ ಪ್ರಸ್ತಾಪವಿಲ್ಲದೆ, ಶೀರ್ಷಿಕೆಯೂ ಇಲ್ಲದೆ ಕಾಣಿಸಿಕೊಂಡಿರುವುದು ವಿಷಾದನೀಯ.

6. ಪ್ರತಿ ವರದಿಗೂ ಸಹಪಾಠಿಯೊಬ್ಬರು ಗೋಷ್ಠಿಯಲ್ಲಿ ಆಕ್ಷೇಪ ಸಲ್ಲಿಸತಕ್ಕದ್ದು. ಆದರೆ ಆಕ್ಷೇಪದಿಂದ ಯಾರಿಗೂ ಬೇಸರವಾಗತಕ್ಕದ್ದಲ್ಲ. ಮಾಲ್ಟೆ ಫ್ರಿಸ್ಕ್ ಎಂಬ ಆಕ್ಷೇಪಕರು, “ತುಂಬ ಚೆನ್ನಾಗಿದೆ ಕಣೇ. ಒಂಚೂರು... ಒದ್ದೆ ಅನ್ನಿಸ್ತು, ಅಷ್ಟೆ” ಎಂದು ನುಡಿದು ಮಾದರಿಯಾಗಿದ್ದಾರೆ. ಅದಕ್ಕೆ ವಿದ್ಯಾರ್ಥಿನಿಯು “ಚೆನ್ನಾಗಿದೆ ಅಂತೀಯ, ಮಂಗಳವಾರ ನೀನೂ ಅದರ ಮೇಲೇ ಹೋಗ್ತೀಯಲ್ಲೋ ಮಹಾರಾಯ!” ಎಂದದ್ದು, ಆಕ್ಷೇಪಕರು “ಹೋಗದೆ ಇರೋಕಾಗುತ್ತಾ? ಸೆಮ್ಲಾ ಕೊಡ್ತಾರೆ. ಕೆನೆ ಜಾಸ್ತಿ ಹಾಕ್ಸಿದಾರಂತೆ” ಎಂದದ್ದು ನಡಾವಳಿಯಲ್ಲಿ ದಾಖಲಾಗಿದೆ.

7. ಅನುಮೋದನೆಯಾಗದ ವರದಿಯಲ್ಲಿನ ಅಪಾಯವು ಜಾರಿಯಲ್ಲಿರುವುದಿಲ್ಲ. ಅಲ್ಲಿಯವರೆಗೆ ಮಂಜುಗಡ್ಡೆಯು, ಅನುಮೋದನೆ ಪಡೆದಿರುವ ಕಳೆದ ವರ್ಷದ ವರದಿಯಲ್ಲಿದ್ದಷ್ಟೇ ದಪ್ಪವಾಗಿದೆ ಎಂದು ಭಾವಿಸತಕ್ಕದ್ದು.

8. ವಿದ್ಯಾರ್ಥಿನಿಯ ಮೂರನೇ ಪ್ರತಿಯು ಸರ್ವ ನಿಯಮಗಳನ್ನೂ ಪಾಲಿಸಿದ್ದು, ಉನ್ನತ ಶ್ರೇಣಿಯಲ್ಲಿ ಅನುಮೋದನೆಗೊಂಡಿದೆ ಎಂದು ಹರ್ಷದಿಂದ ತಿಳಿಸಲಾಗಿದೆ. ಅದರ ಮುಖ್ಯ ನಿರ್ಣಯ: “ಪ್ರಸ್ತುತ ಋತುಮಾನದ ಹಿನ್ನೆಲೆಯಲ್ಲಿ ಕೆಲವು ವಲಯಗಳ ಭಾರವಹನ ಸಾಮರ್ಥ್ಯಕ್ಕೆ ಸಂಬಂಧಿಸಿದಂತೆ ಹೆಚ್ಚಿನ ಅಧ್ಯಯನವು ಅಪೇಕ್ಷಣೀಯವೆಂದು ಪರಿಗಣಿಸಲು ಅವಕಾಶವಿರಬಹುದಾಗಿದೆ.” ಇದನ್ನು ಓದಿದ ಸಿಬ್ಬಂದಿಯೆಲ್ಲರೂ ಮೆಚ್ಚಿ ತಲೆದೂಗಿ, ಫ್ಲಾಸ್ಕುಗಳಿಗೆ ಕಾಫಿ ತುಂಬಿಸಿಕೊಂಡು ಕೊಲ್ಲಿಯತ್ತ ಹೊರಟರು.

9. ಆದರೆ ದೋಣಿಕಟ್ಟೆಯ ತುದಿಯಲ್ಲಿ, ನೀರಿನಲ್ಲಿ ಅದ್ದಿ ಚಳಿಗೆ ಹೆಪ್ಪುಗಟ್ಟಿಸಿದ ಒಂದು ಜೀನ್ಸ್ ಪ್ಯಾಂಟು, ಒಳಗೆ ಯಾರೂ ಇಲ್ಲದೆ, ತಾನಾಗಿಯೇ ನೆಟ್ಟಗೆ ನಿಂತಿರುವುದು ಕಂಡುಬಂತು. ಪಕ್ಕದ ಕಂಬದ ಮೇಲಿದ್ದ ಚೀಟಿಯಲ್ಲಿ “ಇಲ್ಲಿಂದಾಚೆ ತೆಳ್ಳಗಿದೆ. ಬಿದ್ದಾಗ ನಾನು ಇದರೊಳಗಿದ್ದೆ. ಹೆಡ್ವಿಗ್” ಎಂದಿತ್ತು. ಸಿಬ್ಬಂದಿಯು ಚೀಟಿಯನ್ನೂ ಪ್ಯಾಂಟನ್ನೂ ಸರದಿಯ ಪ್ರಕಾರ ಪರಿಶೀಲಿಸಿತು. ಸೆಮ್ಲಾಗಾಗಿ ಜೊತೆಗೆ ಬಂದಿದ್ದ ಮಾಲ್ಟೆ ಫ್ರಿಸ್ಕ್ ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ವಿಭಾಗದ ಮುಖ್ಯಸ್ಥ ಟೋರ್ಗ್ನಿ ವಾಲ್ಮಾರ್ಕ್ ಅವರು, “ಇಲ್ಲೇ ಕುಡಿಯೋಣವಾ? ಯಾರಿಗಾದ್ರೂ ಬೇರೆ ಥರ ಅನ್ಸಿದ್ರೆ ಹೇಳ್ರಪ್ಪಾ, ಸಂಕೋಚ ಬೇಡ” ಎಂದರು. ಯಾರಿಗೂ ಬೇರೆ ಥರ ಅನ್ನಿಸಲಿಲ್ಲ. ಕಾಫಿಯನ್ನು ದಡದಲ್ಲೇ ಕುಡಿಯಲಾಯಿತು. ಯಾರೂ ಲಂಬವಾಗಿ ಸ್ಥಳಾಂತರಗೊಳ್ಳಲಿಲ್ಲ.

10. ಸದರಿ ಚೀಟಿಯಲ್ಲಿ ಹಿನ್ನೆಲೆ, ವಿಧಾನ, ಆಕರಸೂಚಿ ಯಾವುದೂ ಇಲ್ಲದಿರುವುದರಿಂದ ಅದನ್ನು ಅನುತ್ತೀರ್ಣವೆಂದು ಘೋಷಿಸಲಾಗಿದೆ. ಈ ವಿಭಾಗದಲ್ಲಿ ಬರೆಯಲಾದ ಬರಹವೊಂದನ್ನು ಎಲ್ಲರೂ ಕೊನೆಯವರೆಗೆ ಓದಿ, ಅದರಂತೆ ನಡೆದುಕೊಂಡಿರುವುದು ಇದೇ ಮೊದಲು. ಇಂಥ ಘಟನೆ ಮರುಕಳಿಸದಂತೆ ಸಂಬಂಧಪಟ್ಟವರೆಲ್ಲರೂ ಎಚ್ಚರ ವಹಿಸುವಂತೆ ಈ ಮೂಲಕ ಸೂಚಿಸಲಾಗಿದೆ.

(ಸಹಿ)
ಗುಡ್ರುನ್ ಬ್ರೆಂಡ್ಲುಂಡ್
ಪ್ರಭಾರ ಸಂಯೋಜಕಿ, ವರದಿ-ಶಿಸ್ತು ವಿಭಾಗ
(ದಡದಲ್ಲಿ ಖುದ್ದು ಹಾಜರಿದ್ದರು)

ಪ್ರತಿಗಳು:
1. ಟೋರ್ಗ್ನಿ ವಾಲ್ಮಾರ್ಕ್, ವಿಭಾಗದ ಮುಖ್ಯಸ್ಥರು: ಅವಗಾಹನೆಗಾಗಿ.
2. ಯೋರ್ಡಿಸ್ ಸುಂಡೆಲ್, ಬೋಧಕಿ: ಖಾಲಿ ಪ್ಯಾಂಟು ಯಾವ ಅಧ್ಯಾಯಕ್ಕೆ ಸೇರುತ್ತದೆಂದು ಅಭಿಪ್ರಾಯ ನೀಡಲು.
3. ಬೆಕ್ಕಿನ ಉಪಸಮಿತಿ: ಕೆಲಸ ಮುಂದುವರಿಸಲು.
4. ಹೆಡ್ವಿಗ್ ನೋರ್ಲಿಂಡ್: ಉನ್ನತ ಶ್ರೇಣಿಯ ಪ್ರಮಾಣಪತ್ರದೊಂದಿಗೆ, ಹಾಗೂ ದಡದಲ್ಲಿ ಅವರಿಗಾಗಿ ಎತ್ತಿಟ್ಟಿದ್ದ ಒಂದು ಸೆಮ್ಲಾದೊಂದಿಗೆ.
5. ದೋಣಿಕಟ್ಟೆಯ ಕಂಬ: ಈ ಸುತ್ತೋಲೆಗೆ ಅಲ್ಲಿ ಜಾಗ ಸಾಲದ ಕಾರಣ, ಅನುತ್ತೀರ್ಣ ಚೀಟಿಯನ್ನೇ ಮಂಜು ಕರಗುವವರೆಗೆ ಉಳಿಸಿಕೊಳ್ಳುವುದು.