ಏಡಿ ಜೇಡವೂ ನನ್ನ ಮದುವೆಯೂ

ಜೇಡ ಹುಡುಕುವವನಿಗೆ ಊರಿನಲ್ಲಿ ಮರ್ಯಾದೆ ಉಳಿಯುವುದು ಕಷ್ಟ. ಕಂಡವರ ಬೇಲಿಗೆಲ್ಲ ತಲೆ ಹಾಕಬೇಕು, ಹಾಕಿದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಬ್ರಿಟಿಷರ ಕಾಲದಲ್ಲಿ ನಾನು ಕೊಡಿಯಾಲ್‌ಬೈಲಿನ ಒಂದು ಶಾಲೆಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ನಮ್ಮ ಹೆಡ್‌ಮಾಸ್ತರು ಇಟಲಿಯಿಂದ ಬಂದ ಪಾದ್ರಿ. ಅವರಿಗೆ ಏಡಿ ಜೇಡದ ಹುಚ್ಚು. ಅದು ನನಗೂ ಹತ್ತಿತು. ಮೂವತ್ತು ದಾಟಿದರೂ ನನಗೆ ಮದುವೆಯಾಗಿರಲಿಲ್ಲ. "ಜೇಡ ಹಿಡಿಯುವವನಿಗೆ ಹೆಣ್ಣು ಕೊಡುವವರು ಯಾರು ಮಾರಾಯ?" ಎಂದು ಅಮ್ಮ ದಿನಾ ಕೊರಗುತ್ತಿದ್ದಳು.

ಪಾದ್ರಿಗಳ ಕನ್ನಡ

ಪಾದ್ರಿಗಳು ಕನ್ನಡವನ್ನು ವ್ಯಾಕರಣದಿಂದ ಕಲಿತವರು. ಒಂದು ದಿನ ಜವಾನನನ್ನು ಕರೆದು, "ನನಗೆ ಒಂದು ಏಡಿ ಬೇಕಾಗಿದೆ. ಅದು ಹೂವಿನ ಮೇಲೆ ಕುಳಿತಿರುತ್ತದೆ. ಜೀವಂತವಾಗಿ ತರತಕ್ಕದ್ದು" ಎಂದರು. ಜೇಡ ಎನ್ನಲು ಮರೆತರು.

ಜವಾನನ ಮನೆಮಾತು ತುಳು. ತುಳುವಿನಲ್ಲಿ ಏಡಿಗೆ ಡೆಂಜಿ ಎನ್ನುತ್ತೇವೆ; 'ಏಡ್' ಎಂದರೆ ಆಡು. ಅವನು ಕಂಕನಾಡಿ ಮಾರುಕಟ್ಟೆಯಿಂದ ಒಂದು ಆಡನ್ನು ಎಳೆದು ತಂದು, ಪಾದ್ರಿಗಳ ಗುಲಾಬಿ ಗಿಡಗಳ ಪಕ್ಕ ಕಟ್ಟಿ, ಒಳಗೆ ಬಂದು ವರದಿ ಒಪ್ಪಿಸಿದ. ನಾವು ಹೊರಗೆ ಓಡಿದಾಗ ಗಿಡದಲ್ಲಿ ಹೂವೂ ಇರಲಿಲ್ಲ, ಹೂವಿನಲ್ಲಿದ್ದ ಜೇಡಗಳೂ ಇರಲಿಲ್ಲ.

"ಇದು ಏನು?" ಎಂದು ಪಾದ್ರಿಗಳು ಕಿರುಚಿದರು.

ಜವಾನ ಸಮಾಧಾನ ಹೇಳಿದ: "ಹೂವಿನ ಮೇಲೆ ಕೂತದ್ದು ಮಾರುಕಟ್ಟೆಯಲ್ಲಿ ಇಲ್ಲ ಫಾದರ್. ಹೂ ತಿಂದದ್ದು ಉಂಟು, ಸಾಕಾ?"

ಬೇಲಿಯ ಹಿಂದೆ

ಏಡಿ ಜೇಡದ ಗುರುತು ಸುಲಭ. ಮುಂದಿನ ನಾಲ್ಕು ಕಾಲು ಉದ್ದ, ನಡಿಗೆ ಅಡ್ಡಡ್ಡ. ಕಣ್ಣಿಗೆ ಬೀಳುವುದು ಮಾತ್ರ ಕಷ್ಟ, ಯಾಕೆಂದರೆ ಅದು ಬಲೆ ಕಟ್ಟುವುದಿಲ್ಲ. ಹೂವಿನ ಬಣ್ಣದಲ್ಲೇ ಬೆರೆತು ಕೂತಿರುತ್ತದೆ. ಹಾಗಾಗಿ ಒಂದು ಬೆಳಿಗ್ಗೆ ಕಂಕನಾಡಿಯಲ್ಲಿ ಒಬ್ಬ ಕೊಂಕಣಿ ಹೆಂಗಸಿನ (ನಮ್ಮಲ್ಲಿ ಅವರನ್ನು ಬಾಯಿ ಎನ್ನುತ್ತೇವೆ) ದಾಸವಾಳದ ಬೇಲಿಯೊಳಗೆ ಮೊಣಕಾಲೂರಿ ಕೂತಿದ್ದೆ.

"ಎಂತ ಮಾಡ್ತೀರಿ ಅಲ್ಲಿ?" ಬಾಯಿ ಪೊರಕೆ ಹಿಡಿದೇ ಬಂದರು.

"ಜೇಡ ನೋಡ್ತಾ ಇದ್ದೇನೆ, ಬಾಯಿ."

"ನಮ್ಮಲ್ಲಿ ಜೇಡ ಇಲ್ಲ! ದಿನಾ ಬಲೆ ತೆಗೀತೇನೆ."

"ಇದು ಬಲೆ ಕಟ್ಟುವುದಿಲ್ಲ. ಗಿಡದಲ್ಲಿ ಸುಮ್ಮನೆ ಅಡಗಿ ಕೂತು, ಹತ್ತಿರ ಬಂದದ್ದನ್ನು ಗಬಕ್ಕನೆ ಹಿಡೀತದೆ."

ಬಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಗೊತ್ತಾಯ್ತು, ಗೊತ್ತಾಯ್ತು," ಎಂದು ಪೊರಕೆ ಎತ್ತಿ ಒಳಗೆ ಕೂಗಿದರು, "ಮಕ್ಕಳೇ, ಯಾರೂ ಹೊರಗೆ ಬರಬೇಡಿ!"

ಹೆಣ್ಣು ನೋಡಿದ್ದು

ಈ ಸುದ್ದಿ ಹಬ್ಬಿ, ಬಂದಿದ್ದ ಸಂಬಂಧಗಳೆಲ್ಲ ತಪ್ಪಿದವು. ಕೊನೆಗೆ ಅತ್ತಾವರದ ಒಂದು ಮನೆಯವರು ಮಾತ್ರ ಬರಹೇಳಿದರು. "ಇದೊಂದು ತಪ್ಪಿದರೆ ಮುಗೀತು. ಜೇಡದ ಸುದ್ದಿ ಎತ್ತಬೇಡ" ಎಂದು ಅಮ್ಮ ದಾರಿಯುದ್ದಕ್ಕೂ ಹೇಳಿದಳು. ನನಗೂ ಆಸೆ ಇತ್ತು. ಬಾಯಿ ಹೊಲಿದುಕೊಂಡೇ ಕೂತೆ.

ಹುಡುಗಿ ಬಾಳೆಹಣ್ಣಿನ ತಟ್ಟೆ ತಂದಿಟ್ಟು ತಲೆ ತಗ್ಗಿಸಿದಳು. ಮುಡಿ ತುಂಬ ಮಲ್ಲಿಗೆ. ಅದರಲ್ಲಿ ಒಂದು ಮೊಗ್ಗು ಅಡ್ಡಡ್ಡ ನಡೆಯಿತು! ಅಚ್ಚ ಬಿಳಿ ಏಡಿ ಜೇಡ. ನಾನು ಹುಡುಗಿಯ ತಲೆಯನ್ನೇ ನುಂಗುವಂತೆ ನೋಡಿದೆ. ಅಮ್ಮ ತೊಡೆ ಚಿವುಟಿದಳು. ಹುಡುಗಿ ಒಳಗೆ ಹೋಗಲು ತಿರುಗಿದ್ದೇ ತಡ, ನನಗೆ ತಡೆಯಲಾಗಲಿಲ್ಲ.

"ಅಲ್ಲಾಡಬೇಡಿ!" ಎಂದು ಹಾರಿ, ಜೇಬಿನಲ್ಲಿದ್ದ ಖಾಲಿ ಬೆಂಕಿಪೆಟ್ಟಿಗೆ ಒಡ್ಡಿ ಜೇಡವನ್ನು ಅದರೊಳಗೆ ಬೀಳಿಸಿದೆ. ಹುಡುಗಿ ಒಳಗೆ ಓಡಿದಳು. ನಾನು ಹಿಡಿದದ್ದು ಎಂತದು ಎಂದು ಯಾರಿಗೂ ಕಾಣಲಿಲ್ಲ. ನಾನು ಪೆಟ್ಟಿಗೆಯೊಳಗೆ ಇಣುಕುತ್ತ ಜಗತ್ತನ್ನೇ ಮರೆತೆ.

ಹುಡುಗಿಯ ಸೋದರಮಾವ ಗಂಟಲು ಸರಿಮಾಡಿಕೊಂಡು, "ಇರಲಿ. ಹೆಣ್ಣು ಹೇಗುಂಟು?" ಎಂದು ಕೇಳಿದರು.

"ಹೆಣ್ಣು ಭಾರೀ ಲಾಯ್ಕ ಉಂಟು," ಎಂದೆ, ಪೆಟ್ಟಿಗೆಯಿಂದ ಕಣ್ಣು ತೆಗೆಯದೆ. "ಹೊಟ್ಟೆ ಇಷ್ಟು ದಪ್ಪ ಇರುವುದನ್ನು ನಾನು ಈವರೆಗೆ ನೋಡಿಯೇ ಇಲ್ಲ. ನಡಿಗೆ ಸ್ವಲ್ಪ ಸೊಟ್ಟ, ಅದು ಜಾತಿಯ ಗುಣ. ನಾಳೆ ಪಾದ್ರಿಗಳಿಗೆ ತೋರಿಸಿ, ಸ್ಪಿರಿಟಿನ ಬಾಟ್ಲಿಯಲ್ಲಿ ಮುಳುಗಿಸಿ ಇಡ್ತೇನೆ."

ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೇಳಿದ್ದು ಎಂತದು ಎಂದು ಆಗ ನನಗೆ ಹೊಳೆಯಿತು. ಪೆಟ್ಟಿಗೆ ತೆರೆದು ಜೇಡ ತೋರಿಸಿದೆ. ಮಾವ ಆಗಲೇ ಕೋಲಿಗೆ ಕೈ ಹಾಕಿದ್ದರು.

ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಕಿಲಕಿಲ ನಗು ಕೇಳಿತು. "ಮಾವಾ, ನನಗೆ ಒಪ್ಪಿಗೆ ಉಂಟು," ಎಂದಳು ಹುಡುಗಿ. "ಆದರೆ ಬಾಟ್ಲಿಗೆ ಹಾಕುವುದಿಲ್ಲ ಅಂತ ಅವರು ಮೊದಲು ಮಾತು ಕೊಡ್ಲಿ."