ನೆರಳಿನ ಕಡೆಯ ಟಯರು

ಹೊಸದಾಗಿ ಕಲಿತದ್ದನ್ನು ಒಂದು ದಿನವಾದರೂ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ನನಗಿಲ್ಲ. ಮಾಸ್ತರಿಕೆಯ ರೋಗವೆಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು; ಆದರೆ ನನ್ನ ಜೊತೆಯ ಮಾಸ್ತರರೆಲ್ಲ ಆರೋಗ್ಯವಾಗಿಯೇ ಇದ್ದಾರೆ. ಎಂಬತ್ತರ ದಶಕದ ಆರಂಭದಲ್ಲಿ ನನಗೆ ದೇವದುರ್ಗದಿಂದ ರಾಯಚೂರಿಗೆ ವರ್ಗವಾಯಿತು. ಟಯರಿನ ಮೈಮೇಲೆ ಬರೆದಿರುವ ‘ಪ್ಲೈ’ ಅಂಕಿ ದೊಡ್ಡದಾದಷ್ಟೂ ಅದು ಹೆಚ್ಚು ಭಾರ ತಾಳುತ್ತದೆಂದು ಅದರ ಹಿಂದಿನ ವಾರವಷ್ಟೇ ಪಂಕ್ಚರ್ ಅಂಗಡಿಯಲ್ಲಿ ಕೂತು ಕಲಿತಿದ್ದೆ.

ಸಾಮಾನು ಒಯ್ಯಲು ಹುಸೇನಪ್ಪ ತನ್ನ ಟ್ರ್ಯಾಕ್ಟರಿಗೆ ಎರಡು ಗಾಲಿಯ ಟ್ರೇಲರು ಕಟ್ಟಿಕೊಂಡು ಬಂದ. ಜೋಳದ ಚೀಲ, ಕಪಾಟು, ನನ್ನ ಪುಸ್ತಕದ ಪೆಟ್ಟಿಗೆಗಳು ಏರಿದ ಮೇಲೆ ಹೆಂಡತಿಯ ತವರಿನ ರುಬ್ಬುವ ಕಲ್ಲು ಉಳಿಯಿತು. “ಕಲ್ಲು ಬರಲಿಲ್ಲಂದ್ರ ನಾನೂ ಬರಂಗಿಲ್ಲ” ಎಂದಳು. ಹುಸೇನಪ್ಪ ತಲೆ ಕೆರೆದುಕೊಂಡ. “ಭಾರ ಜಾಸ್ತಿ ಆಗ್ತದ ಮಾಸ್ತರ್ರ, ಎರಡು ಸಲ ಹೊಡಿಯೂಣ್ರಿ.”

ನಾನು ಬಗ್ಗಿ ಟಯರು ಓದಿದೆ. ಹದಿನಾಲ್ಕು ಪ್ಲೈ! ನಿನ್ನ ಟ್ರೇಲರಿನ ತಾಕತ್ತು ನಿನಗೇ ಗೊತ್ತಿಲ್ಲವೆಂದು ಅರ್ಧ ಗಂಟೆ ಪಾಠ ಮಾಡಿದೆ. “ಆ ಕಡಿದೂ ಒಂದ್ಸಲ ನೋಡ್ರಿ...” ಎಂದ ಆತ. ಆ ಕಡೆ ಏಪ್ರಿಲ್ ತಿಂಗಳ ಬಿಸಿಲು ಕಾಯುತ್ತ ನಿಂತಿತ್ತು. “ಒಂದು ನೋಡಿದ್ರ ಎರಡೂ ನೋಡಿದಂಗ. ಹೇರು!” ಎಂದೆ ನೆರಳಿನಿಂದಲೇ.

ನಾನು, ಹೆಂಡತಿ ಸಾಮಾನಿನ ಮೇಲೆಯೇ ಕೂತು ಹೊರಟೆವು. ದಾರಿಯಲ್ಲಿ ಗಬ್ಬೂರು, ಅಂದರೆ ನನ್ನ ಮಾವನ ಊರು. ಮಾವನಿಗೆ ಅಕ್ಷರ ಬಾರದು. ನನ್ನ ಬಗ್ಗೆ ಅವರಿಗಿದ್ದ ಒಂದೇ ಒಳ್ಳೆಯ ಅಭಿಪ್ರಾಯವೆಂದರೆ ಅಳಿಯನಿಗೆ ಓದಲು ಬರುತ್ತದೆ ಎಂಬುದು. ಅದೊಂದನ್ನು ನಾನು ಮದುವೆಯಾದಂದಿನಿಂದ ಜೋಪಾನ ಮಾಡಿಕೊಂಡು ಬಂದಿದ್ದೆ. ಅವರು ದಿನಾ ಕೂರುವ ಚಹಾದ ಅಂಗಡಿಯ ಎದುರಿಗೇ ಬಿಸಿಲಿನ ಕಡೆಯ ಟಯರು ಢಂ ಎಂದಿತು.

ಮಾವ ಬಂದು ಒಡೆದ ಟಯರು ಮುಟ್ಟಿ ನೋಡಿದರು. “ಅಳಿಯಂದ್ರ, ಇದರ ಮ್ಯಾಲ ಏನ್ ಬರದಾರ, ಓದ್ರಿ.”

“ಎಂಟು ಪ್ಲೈ.”

“ಆ ಕಡಿದು?”

“ಹದಿನಾಲ್ಕು.”

“ಹಂಗಾದ್ರ ಯಾವುದರ ಲೆಕ್ಕಕ್ಕ ಹೇರಬೇಕು?”

“ಎಂಟರ ಲೆಕ್ಕಕ್ಕ” ಎಂದೆ. ಓದಲು ಬಾರದ ಮಾವ ನನ್ನಿಂದಲೇ ಓದಿಸಿ ನನಗೆ ಪಾಠ ಹೇಳಿದ್ದರು.

ಹುಸೇನಪ್ಪ ಊರಲ್ಲೇ ಹುಡುಕಿ ತಂದು ಹಾಕಿದ ಟಯರೂ ಎಂಟೇ ಪ್ಲೈ. ಭಾರ ಇಳಿಸಲೇಬೇಕಾಯಿತು. ಎಲ್ಲರೂ ಕಲ್ಲಿನ ಕಡೆ ನೋಡಿದರು. ಹೆಂಡತಿ ಹೋಗಿ ಅದರ ಮೇಲೆ ಕೂತುಬಿಟ್ಟಳು. ಜೋಳ ಇಳಿಯಿತು, ಪುಸ್ತಕದ ಪೆಟ್ಟಿಗೆಗಳು ಇಳಿದವು. ಹುಸೇನಪ್ಪ ಆಮೇಲೆ ನನ್ನ ಕಡೆ ನೋಡಿದ. “ಮಾಸ್ತರ್ರಿಗೆ ಬಸ್ ಅದ” ಎಂದಳು ಹೆಂಡತಿ.

ನನ್ನ ಬಸ್ಸು ಟ್ರೇಲರನ್ನು ಹಿಂದೆ ಹಾಕಿತಂತೆ. ಹೆಣ್ಣುಮಗಳೊಬ್ಬಳು ಕಲ್ಲಿನ ಮೇಲೆ ಕೂತು ಬಸ್ಸಿಗೆಲ್ಲ ಕೈ ಬೀಸುತ್ತಿದ್ದಳೆಂದು ಬಿಸಿಲಿನ ಕಡೆಯ ಕಿಟಕಿಯವರು ನಗುತ್ತಾ ಹೇಳಿದರು. ನನಗೆ ಕಾಣಲಿಲ್ಲ. ನಾನು ನೆರಳಿನ ಕಡೆಯ ಸೀಟು ಹುಡುಕಿ ಕೂತಿದ್ದೆ.